ಪಕ್ಕದ ಸೀಟಿನ ಬ್ರೇಕು

ಒಂದೂರಿನಲ್ಲಿ ಒಬ್ಬ ಹುಡುಗಿ ಇದ್ದಳು. ಕಥೆಯ ಹುಡುಗಿಯರು ಏಳು ಬೆಟ್ಟ ದಾಟುತ್ತಾರೆ. ಇವಳಿಗೆ ಇದ್ದದ್ದು ಒಂದೇ ಗುಡ್ಡ. ಅದರ ಮೈಮೇಲೆ ಮುನ್ನೂರು ಮೀಟರಿನ ಕಲ್ಲುದಾರಿ, ಗೋಡೆಗೆ ಒರಗಿಸಿಟ್ಟ ಏಣಿಯಂಥದ್ದು. ಪ್ರವಾಸಿಗರನ್ನು ಜೀಪಿನಲ್ಲಿ ತುದಿಗೆ ಕರೆದೊಯ್ಯುವುದು ಮನೆಯ ಕಸುಬು. "ನನ್ನ ಸಹಾಯ ಇಲ್ಲದೆ ಯಾವತ್ತು ಜೀಪು ಹತ್ತಿಸ್ತೀಯೋ, ಅವತ್ತೇ ಕೀಲಿ ನಿಂದು" ಎಂದು ಅಪ್ಪ ಮಾತು ಕೊಟ್ಟಿದ್ದ.

ಹನ್ನೊಂದು ಸಲ ಹತ್ತಿಸಿದಳು. ಹನ್ನೊಂದು ಸಲವೂ ಅಪ್ಪ ಪಕ್ಕದಲ್ಲಿ ಕೂತು, ತುದಿ ಮುಟ್ಟಿದಾಗ ಬೆನ್ನು ತಟ್ಟಿ, "ಇನ್ನೂ ಇಲ್ಲ ಕಣಮ್ಮ" ಎಂದ. ಯಾಕೆಂದು ಹೇಳಲಿಲ್ಲ.

ಈ ಬೆಳಿಗ್ಗೆ ಗೊತ್ತಾಯಿತು. ಜೀಪು ಗುಡಿಸುವಾಗ ಪಕ್ಕದ ಸೀಟಿನಲ್ಲಿ ಅಪ್ಪ ಕಾಲಿಡುವ ಕಡೆಯ ಚೀಲ ಎತ್ತಿದಳು. ಅದರ ಹಿಂದೆ ಇನ್ನೊಂದು ಬ್ರೇಕ್ ಪೆಡಲ್. ತುಳಿದು ತುಳಿದು ಹೊಳೆಯುತ್ತಿತ್ತು.

ಅಪ್ಪ ತಟ್ಟಿದ ಬೆನ್ನು ಉರಿಯಿತು. ಜೀಪಿನ ರಿಪೇರಿಯೆಲ್ಲ ಅಮ್ಮನದೇ.

"ಅಮ್ಮಾ, ಇದನ್ನ ಹಾಕಿದ್ದು ಯಾರು?"

ಅಮ್ಮ ಸ್ಪ್ಯಾನರ್ ಒರೆಸುತ್ತಲೇ ಇದ್ದಳು. "ನಾನೇ. ನಿಮ್ಮಪ್ಪ ಹಾಕು ಅಂದ್ರು."

"ನೀನೂ ಸೇರ್ಕೊಂಡ್ಯಾ?"

"ಮೊದ್ಲು ಗುಡ್ಡ ಹತ್ತಿಸು. ಇವತ್ತು ನಾನೂ ಬರ್ತೀನಿ."

ಇದೇ ಕೊನೆ ಎಂದುಕೊಂಡಳು. ಇನ್ನು ಈ ಜೀಪು ಮುಟ್ಟಿದರೆ ಕೇಳಿ.

ಫೋರ್‌ವೀಲ್‌ಗೆ ಹಾಕಿ ಮೊದಲ ಗೇರಿನಲ್ಲಿ ಏರಿಸಿದಳು. ಪಕ್ಕದಲ್ಲಿ ಅಪ್ಪ, ಹಿಂದೆ ಅಮ್ಮ. ಬಾನೆಟ್ಟಿನಾಚೆ ಬರೀ ಆಕಾಶ. ತಿರುವಿನಲ್ಲಿ ಜಲ್ಲಿ ಜಾರಿತು. ಜೀಪು ಹಿಂದಕ್ಕೆ ಸರಿಯಿತು. ಅವಳು ಬ್ರೇಕ್ ಒತ್ತಿದಳು. ಅಪ್ಪನ ಕಾಲೂ ಒತ್ತಿದ್ದು ಓರೆಗಣ್ಣಿಗೆ ಬಿತ್ತು. ಜೀಪು ನಿಂತಿತು. ನಿಲ್ಲಿಸಿದ್ದು ಯಾರು? ಕಣ್ಣು ಮಂಜಾಯಿತು. ಹಲ್ಲು ಕಚ್ಚಿ ಮತ್ತೆ ಏರಿಸಿದಳು.

ತುದಿಯಲ್ಲಿ ಎಂಜಿನ್ ಆರಿಸಿದಳು. "ಇಷ್ಟು ದಿನ ಹತ್ತಿಸಿದ್ದು ನೀವೇ, ಅಲ್ವಾ ಅಪ್ಪ? ಸ್ಟಿಯರಿಂಗ್ ಮುಂದೆ ಕೂರಿಸೋಕೆ ನಾನೊಂದು ಬೊಂಬೆ."

ಅಪ್ಪ ತಲೆ ತಗ್ಗಿಸಿದ. "ನಂಗೆ ನಿನ್ನ ಜೀವ ಮುಖ್ಯ ಕಣೇ. ಈಗ ನೋಡಿದ್ಯಲ್ಲ, ನಾನು ಒತ್ತದೇ ಇದ್ದಿದ್ರೆ ಏನಾಗ್ತಿತ್ತು?"

ಹಿಂದಿನ ಸೀಟಿನಿಂದ ಅಮ್ಮ ಬಾಗಿ, ಕೀಲಿ ತೆಗೆದು ಮಗಳ ಅಂಗೈಗೆ ಒತ್ತಿದಳು.

"ನೀವು ಇಷ್ಟು ದಿನ ತುಳಿದಿದ್ದು ಬರೀ ಸ್ಪ್ರಿಂಗನ್ನ ರೀ. ಆ ಪೆಡಲಿಗೂ ಬ್ರೇಕಿಗೂ ನಾನು ಕನೆಕ್ಷನ್ನೇ ಕೊಟ್ಟಿಲ್ಲ. ಕೊಟ್ಟಿಲ್ಲ ಅಂತ ಹೇಳಿದ್ರೆ ನೀವು ಅವಳ ಪಕ್ಕ ಕೂರ್ತಿದ್ರಾ?"