ಅಕ್ಕನ ಸರದಿ

ಕನ್ನಡಿ ನೋಡಿದಾಗಲೆಲ್ಲ ನನಗೆ ಒಂದೇ ಚಿಂತೆ. ನಾನು ನಮ್ಮ ನೀಲಾಂಬಿಕಾ ಅಕ್ಕನಿಗಿಂತ ದೊಡ್ಡವಳಂತೆ ಕಾಣತೊಡಗಿದ್ದೇನೆ. ಇದನ್ನು ಡೈರಿಯಲ್ಲಿ ಬರೆಯಲೂ ನಾಚಿಕೆ.

ರಾಯಚೂರಿನಲ್ಲಿ ಈಗ ಜನ ಬೇಸಿಗೆಯಿಡೀ ಮಲಗಿಬಿಡುತ್ತಾರೆ. ಮಣ್ಣಿನೊಳಗೆ ಬಿಸಿಲು ಕಳೆಯುವ ಕಪ್ಪೆಯ ವಂಶವಾಹಿಯನ್ನು ನಮ್ಮ ಮೈಗೂ ಸೇರಿಸಿದ್ದಾರೆ. ಯುಗಾದಿ ಕಳೆದ ಮೇಲೆ ನಾಲಿಗೆಗೆ ಒಂದು ಹನಿ ಔಷಧ ಬಿಟ್ಟರೆ ಆ ವಂಶವಾಹಿ ಎಚ್ಚರಗೊಂಡು ನಾವು ನಿದ್ದೆಹೋಗುತ್ತೇವೆ. ಮಳೆ ಬಂದಾಗ ಇನ್ನೊಂದು ಹನಿಗೆ ಏಳುತ್ತೇವೆ. ಮಲಗಿದಷ್ಟು ದಿನ ವಯಸ್ಸಾಗುವುದಿಲ್ಲ. ಸರ್ಕಾರವೂ ಅದನ್ನು ವಯಸ್ಸಿಗೆ ಸೇರಿಸುವುದಿಲ್ಲ. ಮನೆಗೊಬ್ಬರು ಮಾತ್ರ ಎಚ್ಚರವಿದ್ದು ಮಲಗಿದವರನ್ನು ಮಗ್ಗುಲು ಹೊರಳಿಸಬೇಕು, ತುಟಿ ಒದ್ದೆ ಮಾಡಬೇಕು, ಇರುವೆ ಓಡಿಸಬೇಕು.

ಮನೆಯಲ್ಲಿ ನಾವಿಬ್ಬರೇ. ಒಂದು ವರ್ಷ ಅವಳು, ಒಂದು ವರ್ಷ ನಾನು ಕಾಯುವುದೆಂದು ಮಾತಾಗಿತ್ತು. ಅಕ್ಕನ ಸರದಿ ಬಂದಾಗಲೆಲ್ಲ ನಾನು ಹಾಸಿಗೆ ಹಾಸುವಷ್ಟರಲ್ಲಿ ಅವಳೇ ಹನಿ ಬಿಟ್ಟುಕೊಂಡು ಮಲಗಿರುತ್ತಿದ್ದಳು. "ನಿನಗೇನ್ ಕೆಲಸ ಐತಿ? ಡೈರಿ ಬರಕೋತ ಕುಂದ್ರು," ಎಂದು ನಿದ್ದೆಗಣ್ಣಿನಲ್ಲೇ ನಗುತ್ತಿದ್ದಳು.

ಹೀಗಾಗಿ ನಾವಿಬ್ಬರೂ ಬಯಸಿದ್ದ ಕಾಲೇಜಿನ ಕೆಲಸಕ್ಕೆ ನನ್ನ ವಯಸ್ಸು ಮೀರಿತು. ಅವಳಿಗೆ ಈ ಸಲ ಮಲಗುವ ಮೊದಲೇ ಸಂದರ್ಶನದ ಕರೆ ಬಂತು, ಮಳೆಗಾಲದ ಮೊದಲ ವಾರಕ್ಕೆ.

ಮಳೆ ಶುರುವಾಗಿ ವಾರವಾಯಿತು. ನಾನು ದಿನವೂ ಅವಳ ತುಟಿ ಒದ್ದೆ ಮಾಡಿದೆ, ಮಗ್ಗುಲು ಹೊರಳಿಸಿದೆ. ಎಬ್ಬಿಸುವ ಹನಿಯನ್ನು ಮಾತ್ರ ಇವತ್ತು ಬೆಳಿಗ್ಗೆಯಷ್ಟೇ ಅವಳ ನಾಲಿಗೆಗೆ ಹಾಕಿದೆ.

ಅಕ್ಕ ಆಕಳಿಸುತ್ತ ಕಣ್ಣು ತೆರೆದಳು. "ಮಳಿ ಬಂತೇನ, ದಾನೀ? ಸಂದರ್ಶನಕ್ಕ ಆ ನೀಲಿ ಸೀರಿ ಇಸ್ತ್ರಿ ಮಾಡಿಡು."

"ಸಂದರ್ಶನ ನಿನ್ನೆನ ಮುಗೀತಕ್ಕ," ಎಂದೆ. "ಬೇಕಂತನ ಎಬ್ಬಸಲಿಲ್ಲ."