ತಟ್ಟೆಯ ಬೆನ್ನು

ಗ್ಲ್ಯಾಡಿಸ್ ತಟ್ಟೆಯನ್ನು ಮಗುಚಿಯೇಬಿಟ್ಟರು. ಅದರ ಮೇಲೆ ಕೇಕ್ ಇತ್ತೆಂಬುದು ನೆನಪಾದದ್ದು, ಅದು ಪಕ್ಕದಲ್ಲಿದ್ದ ಮಗ ರೂಬನ್‌ನ ಹೊಸ ಪ್ಯಾಂಟಿನ ಮೇಲೆ ಬಿದ್ದ ನಂತರ.

ತಾಯಿ-ಮಗ ಕಾವೂರಿನಿಂದ ವಾಮಂಜೂರಿಗೆ ಬಂದದ್ದು ಹುಡುಗಿ ನೋಡಲು. ಹುಡುಗಿ ಡ್ಯಾಫ್ನಿ ಟ್ರೇ ಹಿಡಿದು ಎದುರಿಗೇ ನಿಂತಿದ್ದಳು. ಗ್ಲ್ಯಾಡಿಸ್ ಅವಳತ್ತ ಕಣ್ಣೆತ್ತಲಿಲ್ಲ. ತಟ್ಟೆಯ ಬೆನ್ನಿನಲ್ಲಿ ಪುಟ್ಟ ಹಸಿರು ಕಿರೀಟದ ಮುದ್ರೆ, ಕೆಳಗೆ ‘ಮೇಡ್ ಇನ್ ಇಂಗ್ಲೆಂಡ್’. ಅವರು ಅದನ್ನು ಕಣ್ಣಿನ ಹತ್ತಿರ ಹಿಡಿದರು.

“ಜೆಜು, ನನ್ನ ದೇವರೇ! ಸಿಕ್ಕಿತಲ್ಲ ಮಾರಾಯ!”

“ಎಂತ ಸಿಕ್ಕಿದ್ದು? ಜಿರಳೆಯಾ?” ಡ್ಯಾಫ್ನಿಯ ತಂದೆ ಆಂಬ್ರೋಸ್ ಗಾಬರಿಯಿಂದ ಎದ್ದರು.

“ಎಪ್ಪತ್ತು ವರ್ಷ ಹಳೆಯ ಪ್ಲೇಟ್ ಇದು! ಇದೇ ನಿಂಬೆಹಣ್ಣಿನ ಚಿತ್ರದ ಟೀಪಾಟ್ ನನ್ನ ಹತ್ರ ಉಂಟು, ಕಪ್ ಉಂಟು, ಹಾಲಿನ ಜಗ್ ಉಂಟು. ಪ್ಲೇಟ್ ಮಾತ್ರ ಇಲ್ಲ. ಹನ್ನೊಂದು ವರ್ಷದಿಂದ ಹುಡುಕ್ತಾ ಇದ್ದೇನೆ!”

ಆಂಬ್ರೋಸರ ಮುಖ ಗಂಟಿಕ್ಕಿತು. “ನೀವು ಹುಡುಗಿ ನೋಡ್ಲಿಕ್ಕೆ ಬಂದದ್ದಾ, ಪ್ಲೇಟ್ ನೋಡ್ಲಿಕ್ಕೆ ಬಂದದ್ದಾ?”

“ಹುಡುಗಿಯನ್ನು ವಾಟ್ಸಾಪಿನಲ್ಲಿ ನೋಡಿದ್ದೇನಲ್ಲ,” ಎಂದುಬಿಟ್ಟರು ಗ್ಲ್ಯಾಡಿಸ್. “ಇದನ್ನು ನೋಡಿದ್ದು ಈಗಲೇ.”

ತಾನು ಆಡಿದ್ದೇನೆಂದು ಗ್ಲ್ಯಾಡಿಸರಿಗೆ ಹೊಳೆದದ್ದು ಆಮೇಲೆ. ಮಗನಿಗೆ ಮೂವತ್ತಮೂರು, ಇದು ನಾಲ್ಕನೆಯ ಸಂಬಂಧ. ಒಂದು ತಟ್ಟೆಯ ಆಸೆಗೆ ಇದನ್ನೂ ಕೆಡಿಸಿದೆನಲ್ಲ!

ಅಷ್ಟರಲ್ಲಿ ಟ್ರೇ ಗಡಗಡ ಸದ್ದು ಮಾಡಿತು. ತುಟಿ ಕಚ್ಚಿ ನಗು ತಡೆದಿದ್ದ ಡ್ಯಾಫ್ನಿ ಇನ್ನು ಸಾಧ್ಯವಿಲ್ಲವೆಂಬಂತೆ ಕಿಸಕ್ಕನೆ ನಕ್ಕಳು, ಟ್ರೇ ಕೆಳಗಿಟ್ಟು ಒಳಗೋಡಿದಳು. ಬಂದಾಗ ಕೈಯಲ್ಲಿ ಮತ್ತೈದು ತಟ್ಟೆ.

“ಆಂಟಿ, ಅಜ್ಜ ಹಡಗಿನಲ್ಲಿ ಕೆಲಸಕ್ಕಿದ್ರು, ಅವರು ತಂದದ್ದು. ಸಾಸ್ ಹಾಕುವ ಬಟ್ಟಲು ಕೂಡ ಉಂಟು. ಪಪ್ಪ ಅದರಲ್ಲಿ ಸ್ಕ್ರೂ ಹಾಕಿಟ್ಟಿದ್ದಾರೆ.”

“ಸ್ಕ್ರೂವಾ!” ಗ್ಲ್ಯಾಡಿಸ್ ಸಾವಿನ ಸುದ್ದಿ ಕೇಳಿದವರಂತೆ ಎದೆ ಮುಟ್ಟಿಕೊಂಡರು.

ಆಂಬ್ರೋಸ್ ಪೆಚ್ಚಾಗಿ ಹೋಗಿ ಬಟ್ಟಲು ಬರಿದು ಮಾಡಿ, ಒರೆಸಿಕೊಂಡು ತಂದರು. ಹೆಂಗಸರಿಬ್ಬರೂ ಆಗಲೇ ನೆಲದ ಮೇಲೆ ಕುಳಿತಿದ್ದರು. ಬಿರುಕನ್ನು ಬೆರಳ ತುದಿಯಲ್ಲೇ ಹುಡುಕುವುದು ಹೇಗೆ, ಉಗುರಿನಿಂದ ತಟ್ಟಿ ಕಿವಿಗೊಡುವುದು ಹೇಗೆ ಎಂದು ಗ್ಲ್ಯಾಡಿಸ್ ಕಲಿಸಿದರು. ಡ್ಯಾಫ್ನಿ ತಟ್ಟಿದಳು, ಆಲಿಸಿದಳು, ಮತ್ತೆ ತಟ್ಟಿದಳು. ಒಂದೂವರೆ ಗಂಟೆ ಸರಿದದ್ದು ಇಬ್ಬರಿಗೂ ತಿಳಿಯಲಿಲ್ಲ. ಗಂಡಸರು ಕ್ರಿಕೆಟ್, ಹವೆ, ಏರ್‌ಪೋರ್ಟ್ ರಸ್ತೆಯ ಗುಂಡಿ ಎಲ್ಲ ಮುಗಿಸಿ ಮತ್ತೆ ಕ್ರಿಕೆಟ್ಟಿಗೇ ಬಂದಿದ್ದರು.

ಹೊರಡುವಾಗ ಗೇಟಿನ ಬಳಿ ಆಂಬ್ರೋಸರೇ ಬಾಯಿಬಿಟ್ಟರು. “ಹಾಗಾದ್ರೆ... ಒಪ್ಪಿಗೆ ಅಂತ ತಿಳ್ಕೊಳ್ಳುವುದಾ?”

ಗ್ಲ್ಯಾಡಿಸ್ ಬಾಯಿ ತೆರೆಯುವ ಮೊದಲೇ ಡ್ಯಾಫ್ನಿ ಅವರ ತೋಳು ಹಿಡಿದಳು.

“ಅತ್ತೆ ನನಗೆ ಒಪ್ಪಿಗೆ, ಪಪ್ಪ. ರೂಬನ್ ವಿಷಯ ಒಂದು ವಾರ ಬಿಟ್ಟು ಹೇಳ್ತೇನೆ.”