ಹೆಬ್ಬೆರಳು ಮುಳುಗುವಷ್ಟು ನೀರು

ಬೆಳಗ್ಗೆ ಗದ್ದೆಗೆ ಇಳಿದ ನರಸಮ್ಮನ ಕಾಲಿಗೆ ಮತ್ತೆ ನೀರು ತಾಗಿತು. ಹಿಂದಿನ ಸಂಜೆಯಷ್ಟೇ ಅವಳೂ ಗಂಡ ಸೊಣ್ಣಪ್ಪನೂ ಬದು ಕಡಿದು ನೀರೆಲ್ಲ ಹೊರಗೆ ಹಾಯಿಸಿದ್ದರು. ಈಗ ಕಡಿದ ಜಾಗಕ್ಕೆ ಯಾರೋ ಮಣ್ಣು ಮೆತ್ತಿದ್ದರು. ಬ್ರೊಕೊಲಿ ಸಾಲುಗಳ ನಡುವೆ ನೀರು ಅಲುಗದೆ ನಿಂತಿತ್ತು. ಕೆಳಗಿನ ಎಲೆಗಳು ಆಗಲೇ ಹಳದಿಯಾಗಿದ್ದವು. ನಿಂಬೆಕಾಯಿ ಗಾತ್ರಕ್ಕೆ ಕಟ್ಟಿದ್ದ ಹಸಿರು ಹೂಗಳು ಹೀಗೇ ನೀರಲ್ಲಿ ನಿಂತರೆ ಕೊಳೆಯುವುದು ಖಂಡಿತ.

ಕೊಳೆತರೆ ಗದ್ದೆಯೂ ಹೋದಂತೆ. ಗವಿಪುರದ ಕೆಳಗಿನ ಆ ತುಂಡು ನೆಲದ ಒಡೆಯ ಚಾಮರಾಜಪೇಟೆಯ ವರದರಾಜ. ಭತ್ತದ ಕೊಯ್ಲು ಮುಗಿದ ಕೂಡಲೇ ಅದನ್ನು ಸೈಟು ಮಾಡಿ ಮಾರಲು ಹೊರಟಿದ್ದ. ನರಸಮ್ಮ ಬೇಡಿಕೊಂಡಿದ್ದಳು: ದೊಡ್ಡ ಹೋಟೆಲಿನ ಅಡುಗೆಯವನು ಹೊಸ ತರಕಾರಿಯ ಬೀಜ ಕೊಟ್ಟಿದ್ದಾನೆ, ಭತ್ತದ ಹಿಂದೆಯೇ ಅದೊಂದು ಬೆಳೆ ತೆಗೆಯುತ್ತೇವೆ, ಚೆನ್ನಾಗಿ ಬಂದರೆ ಮಾರಬೇಡಿ. ಆಗಲಿ ಎಂದು ವರದರಾಜ ಮಾತು ಕೊಟ್ಟಿದ್ದ.

ಅವತ್ತು ಭಾನುವಾರ. ವರದರಾಜ ಸ್ಕೂಟರ್ ನಿಲ್ಲಿಸಿ ಬದುವಿನ ಮೇಲೆ ಬಂದ.

"ಏನಯ್ಯ ಸೊಣ್ಣಪ್ಪ, ಕೋಸು ಬೆಳೀತಿದೀಯೋ, ತಾವರೆ ಬೆಳೀತಿದೀಯೋ?"

ಸೊಣ್ಣಪ್ಪನಿಗೆ ತಡೆಯಲಾಗಲಿಲ್ಲ. "ತಮಾಷೆ ಬೇಡಿ ಸ್ವಾಮಿ. ಯಾರೂ ಇಲ್ದಾಗ ತೂಬು ಎತ್ತಿಸ್ತಿರೋರು ನೀವೇ. ಬೆಳೆ ಕೊಳೀಲಿ, ಸೈಟು ಮಾರೋಣ ಅಂತ."

"ನಾನಾ? ಬಾ ಇಲ್ಲಿ, ನಿನ್ನ ಕಣ್ಣಲ್ಲೇ ನೋಡ್ಬಾ."

ಮೂವರೂ ಕೆರೆಯ ತೂಬಿನ ತನಕ ಹೋದರು. ಕೊಯ್ಲಾದ ಮೇಲೆ ತೂಬಿನ ಬಾಯಿಗೆ ಹಾಕಿದ್ದ ಸಿಮೆಂಟು ಹಾಗೇ ಇತ್ತು. ಅಲ್ಲಿಂದ ಗದ್ದೆಗೆ ಬರುವ ಕಾಲುವೆ ಒಣಗಿ ಬಿರುಕು ಬಿಟ್ಟಿತ್ತು. ಕಾಲುವೆಗೆ ಅಡ್ಡಲಾಗಿ ಜೇಡ ನೇಯ್ದಿದ್ದ ಬಲೆಯಲ್ಲಿ ಒಂದೆಳೆಯೂ ಹರಿದಿರಲಿಲ್ಲ.

ಮರಳಿ ಬಂದ ನರಸಮ್ಮ ಗದ್ದೆಯ ಮೂಲೆಯಲ್ಲಿ ಕಾಲಿಟ್ಟು ನೋಡಿದಳು. ನೀರು ಕಾಲಿನ ಹೆಬ್ಬೆರಳನ್ನು ಮುಳುಗಿಸಿತು, ಅಷ್ಟೇ. ಆಚೆ ಮೂಲೆಗೆ ಹೋದಳು. ಅಲ್ಲೂ ಅಷ್ಟೇ. ಒಂದು ಸುತ್ತು ಬರುವಷ್ಟರಲ್ಲಿ ಅವಳ ಮುಖ ಬಿಳಿಚಿಕೊಂಡಿತ್ತು.

"ಇದು ಮಾವನ ಅಳತೆ," ಎಂದಳು.

ಮಾವ ಎಂದರೆ ಸೊಣ್ಣಪ್ಪನ ತಂದೆ, ನೀರಗಂಟಿ ಮಾಯಣ್ಣ. ಕೆರೆಯ ನೀರನ್ನು ಗದ್ದೆಗಳಿಗೆ ಹಾಯಿಸುವುದು ಅವನ ಕೆಲಸವಾಗಿತ್ತು. ಅಳತೆಗೆ ಕಾಲಿನ ಹೆಬ್ಬೆರಳೊಂದೇ ಸಾಕಿತ್ತು ಅವನಿಗೆ. ಈ ಸಲದ ಭತ್ತ ತೆನೆ ಕಟ್ಟುವ ಹೊತ್ತಿಗೆ ತೀರಿಕೊಂಡಿದ್ದ. ಅವನು ಬದುಕಿದ್ದಾಗ ಪ್ರತಿ ವರ್ಷ ಕೊಯ್ಲಾದ ಮೇಲೆ ಅದೇ ಗದ್ದೆಯ ಹೊಸ ಅಕ್ಕಿ ಬೇಯಿಸಿ, ಬದುವಿನ ಮೇಲೆ ಅವನಿಗೆ ಎಲೆ ಹಾಕಿ, "ಬೆಳೆ ಮನೆ ಸೇರ್ತು, ನೀರು ಸಾಕು" ಎಂದು ಹೇಳುವುದು ರೂಢಿಯಾಗಿತ್ತು. ಆ ಮಾತು ಕಿವಿಗೆ ಬೀಳುವ ತನಕ ನೀರಗಂಟಿ ಕೆಲಸ ಬಿಡುವಂತಿಲ್ಲ.

"ಈ ಸಲ ಹೇಳ್ಲೇ ಇಲ್ವಲ್ಲೇ," ಸೊಣ್ಣಪ್ಪ ಪಿಸುಗುಟ್ಟಿದ. "ಹೇಳಿಸ್ಕೊಳ್ಳೋನೇ ಇಲ್ಲ ಅಂದ್ಕೊಂಡು, ಭತ್ತಾನೆಲ್ಲ ಹಂಗೇ ಮಿಲ್ಲಿಗೆ ಹಾಕ್ಬಿಟ್ವಿ."

ವರದರಾಜ ನಕ್ಕ. "ಅಷ್ಟೇ ತಾನೇ? ನಮ್ಮ ಪಾಲಿನ ಅಕ್ಕಿ ಮನೇಲಿದೆ. ತಗೊಂಡ್ಹೋಗಿ ನಿಮ್ಮಪ್ಪಂಗೆ ಊಟ ಹಾಕು." ನಗು ಮಾತ್ರ ಹೆಚ್ಚು ಹೊತ್ತು ಉಳಿಯಲಿಲ್ಲ.

ಇಳಿಹೊತ್ತಿಗೆ ನರಸಮ್ಮ ಬದುವಿನ ಮೇಲೆಯೇ ಅನ್ನ ಮಾಡಿ, ಬಾಳೆಎಲೆಗೆ ಬಡಿಸಿ, ನೀರಿನ ಕಡೆ ತಿರುಗಿದಳು. "ಮಾವ, ಬೆಳೆ ಮನೆ ಸೇರ್ತು. ನೀರು ಸಾಕು. ಇದು ಬೇರೆ ಬೆಳೆ ಮಾವ, ಇದಕ್ಕೆ ನೀರು ನಿಂತ್ರೆ ಆಗಲ್ಲ." ಸೊಣ್ಣಪ್ಪ ಬೆನ್ನು ತಿರುಗಿಸಿಕೊಂಡು ನಿಂತಿದ್ದ. ಬೆಳಗ್ಗೆ ಬಂದು ನೋಡಿದರೆ ಗದ್ದೆಯಲ್ಲಿ ಹನಿ ನೀರಿರಲಿಲ್ಲ. ಉಂಡೆದ್ದವರು ಮಡಿಸುವಂತೆ ಎಲೆಯನ್ನು ಯಾರೋ ಮಡಿಸಿಟ್ಟಿದ್ದರು.

ಗಿಡಗಳು ಚೇತರಿಸಿಕೊಂಡವು. ಹೂಗಳು ಬೊಗಸೆ ತುಂಬುವಷ್ಟು ಬಲಿತವು. ಹೂಕೋಸಿಗೆ ಪಾಚಿ ಕಟ್ಟಿದ ಹಾಗಿದೆ ಎಂದು ಸೊಣ್ಣಪ್ಪ ನಗುತ್ತಲೇ ಬುಟ್ಟಿ ತುಂಬಿದ. ಹೋಟೆಲಿನವರು ಒಂದನ್ನೂ ಬಿಡದೆ ಒಯ್ದರು. ಕೊನೆಯ ಬುಟ್ಟಿ ಹೊರಡುವ ದಿನ ವರದರಾಜ ಬಂದ. ಒಂದು ಹೂವನ್ನು ಎತ್ತಿಕೊಂಡು, ಅದನ್ನೇ ತಿರುಗಿಸಿ ತಿರುಗಿಸಿ ನೋಡುತ್ತ ಹೇಳಿದ:

"ಚೆನ್ನಾಗಿ ಬಂದಿದೆ ನರಸಮ್ಮ. ಆದ್ರೆ ಸೈಟಿನೋರಿಗೆ ಮಾತು ಕೊಟ್ಬಿಟ್ಟಿದೀನಿ. ಮುಂದಿನ ತಿಂಗಳು ಮಣ್ಣು ತುಂಬಿಸ್ತಾರೆ."

"ನಮಗೂ ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ. ಏನ್ಮಾಡೋದು ಹೇಳು. ಸುತ್ತ ಎಲ್ಲ ಮನೆ ಎದ್ದಿವೆ, ಇದೊಂದು ಗದ್ದೆ ಎಷ್ಟು ದಿನ ಅಂತ ಇರುತ್ತೆ?"

ಸೊಣ್ಣಪ್ಪ ಬಾಯಿ ತೆರೆದ. ನರಸಮ್ಮ ಅವನ ತೋಳು ಹಿಡಿದಳು.

"ತುಂಬಿಸಿ ಸ್ವಾಮಿ. ಮಳೆಗಾಲ ಬರ್ತಿದ್ದಂಗೆ ಮಾವ ಕೆಲಸಕ್ಕೆ ಬರ್ತಾರೆ. ಆಗ ಇಲ್ಲಿ ಮನೆಗಳಿರ್ತವೆ, ಈ ಗದ್ದೆ ಅಕ್ಕಿ ಇರಲ್ಲ. ಎಲೆಗೆ ಏನು ಬಡಿಸಿ, ನೀರು ಸಾಕು ಅಂತೀರಿ?"

ವರದರಾಜ ಹೂವನ್ನು ಬುಟ್ಟಿಗೆ ಹಾಕಿ ಸ್ಕೂಟರಿನ ಕಡೆ ನಡೆದ. ಬದು ಬಿಸಿಲಿಗೆ ಕಲ್ಲಿನಂತೆ ಗಟ್ಟಿಯಾಗಿತ್ತು. ಆದರೂ ಅವನು ಚಪ್ಪಲಿ ಎತ್ತಿದ ಕಡೆಯಲ್ಲೆಲ್ಲ ಹೆಜ್ಜೆಗುರುತು ಮೂಡಿ, ಒಂದರ ಹಿಂದೊಂದರಂತೆ ನೀರು ತುಂಬಿಕೊಳ್ಳುತ್ತಿತ್ತು.